ಬಸ್ಸಿನ ಕಿಟಕಿಯಲ್ಲಿ ಸಹಿಯಾದ ಶಿಫಾರಸು ಪತ್ರ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಆ ಹತ್ತು ನಿಮಿಷದಲ್ಲಿ ಡ್ರೈವರ್ ಚಹಾ ಕುಡಿಯುತ್ತಿದ್ದ, ಕಂಡಕ್ಟರ್ ಚಿಲ್ಲರೆ ಮಾಡಿಸುತ್ತಿದ್ದ, ನಾನು ಯುವಜನಾಂಗದ ಭವಿಷ್ಯಕ್ಕೆ ಸಹಿ ಹಾಕುತ್ತಿದ್ದೆ. ಇದು ಅಲಂಕಾರದ ಮಾತಲ್ಲ. ಬಸ್‌ಸ್ಟ್ಯಾಂಡಿನ ಎದುರಿಗೆ ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟವನು ನನ್ನ ಹಳೆಯ ವಿದ್ಯಾರ್ಥಿ. ನನ್ನ ಶಿಫಾರಸು ಪತ್ರ ಇದ್ದದ್ದು ಅವನ ಕಂಪ್ಯೂಟರಿನಲ್ಲಿ. ನನ್ನ ಇಮೇಲ್ ಇದ್ದದ್ದೂ ಅಲ್ಲೇ. ಅದರ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಯಾರಿಗಾದರೂ ಪತ್ರ ಬೇಕಾದರೆ ನೇರ ಆ ಅಂಗಡಿಗೆ ಹೋಗುತ್ತಿದ್ದರು. ಅವನು ಹೆಸರು ಬದಲಿಸಿ, ಗಂಡೋ ಹೆಣ್ಣೋ ನೋಡಿ ತಿದ್ದಿ, ಪ್ರಿಂಟು ತೆಗೆದು ಮರುದಿನ ಬಸ್ಸಿನ ಕಿಟಕಿಯಿಂದ ನನ್ನ ಕೈಗೆ ಕೊಡುತ್ತಿದ್ದ. ನಾನು ಊಟದ ಡಬ್ಬಿಯ ಮೇಲೆ ಹಾಳೆ ಹರವಿ ಸಹಿ ಮಾಡಿ ಹೊರಗೆ ಚಾಚುತ್ತಿದ್ದೆ. ಮುಂದಿನದೆಲ್ಲ, ಅಂದರೆ ಸ್ಕ್ಯಾನು, ಲಿಂಕು, ಅಪ್‌ಲೋಡು, ಅವನ ಖಾತೆಯ ಕೆಲಸ.

ಪತ್ರ ಮಾತ್ರ ಅಪ್ಪಟ ನನ್ನದು. ಇಪ್ಪತ್ತು ವರ್ಷದ ಹಿಂದೆ ಎರಡು ವಾರ ನಿಘಂಟು ಎದುರಿಗಿಟ್ಟುಕೊಂಡು ಬರೆದ ನಾಲ್ಕು ಪ್ಯಾರಾದ ಇಂಗ್ಲಿಷ್ ಪ್ರಬಂಧ ಅದು. ಮೂರನೆಯ ಪ್ಯಾರಾದಲ್ಲಿ, ನನ್ನ ಸೇವಾವಧಿಯಲ್ಲಿ ನಾನು ಕಂಡ ವಿದ್ಯಾರ್ಥಿಗಳಲ್ಲೆಲ್ಲ ಇವರೇ ಅತ್ಯಂತ ಶ್ರೇಷ್ಠರು ಎಂದು ಘೋಷಿಸಿದ್ದೆ. ಹಾಗೆ ಘೋಷಿತರಾದವರನ್ನೆಲ್ಲ ಒಂದೆಡೆ ಸೇರಿಸಿದರೆ ಕಾಲೇಜಿನ ಮೈದಾನ ಸಾಲುತ್ತಿರಲಿಲ್ಲ. ನನಗೆ ಇದರಲ್ಲಿ ಸಂಕೋಚವೇನೂ ಇರಲಿಲ್ಲ. ಮಸ್ಕಿ ಗುಡ್ಡದ ಬಂಡೆಯ ಮೇಲೆ ಶಾಸನ ಬರೆಸಿದ ಚಕ್ರವರ್ತಿ ಅದೇ ಮಜಕೂರನ್ನು ಇನ್ನೂ ಹಲವು ಊರುಗಳಲ್ಲಿ ಕೆತ್ತಿಸಿದ್ದಾನೆ. ಅವನಿಗೆ ಯಾರೂ ಕಾರಣ ಕೇಳಿ ನೋಟಿಸು ಕೊಟ್ಟಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅಂಗಡಿಯವನು ಕಿಟಕಿಗೆ ಬಂದ. ಕೈಯಲ್ಲಿ ಒಂದೇ ಹಾಳೆ.

“ಸರ್, ಇಳೀರಿ.”

“ಯಾಕಲೇ, ಇಲ್ಲೇ ಕೊಡು, ಸಹಿ ಮಾಡ್ತೀನಿ.”

“ಸಹಿಗಿ ಅಲ್ರಿ. ಮಾಡಿದ ಸಹಿಗಿ ಜವಾಬು ಕೇಳಾಕತ್ತಾರ. ಇಳೀರಿ ಮೊದ್ಲ.”

ಇಳಿದೆ. ಬಸ್ಸು ನನ್ನನ್ನು ಬಿಟ್ಟು ಸಿಂಧನೂರಿನ ದಾರಿ ಹಿಡಿಯಿತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಹಾಳೆ ಓದಿದೆ. ಯುರೋಪಿನ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಸಮಿತಿ ಬರೆದ ಇಮೇಲ್ ಅದು. ಫೀಸು, ವಸತಿ, ವಿಮಾನದ ಖರ್ಚು ಎಲ್ಲವನ್ನೂ ತಾವೇ ಕೊಟ್ಟು ಹೊರದೇಶದವರನ್ನು ಓದಿಸುವ ಸಮಿತಿ. ನನ್ನ ಹೆಸರಿನಲ್ಲಿ ಬಂದ ಎರಡು ಪತ್ರಗಳು ಅಭ್ಯರ್ಥಿಯ ಹೆಸರು, ಅವನು ಅವಳು ಎಂಬ ವ್ಯತ್ಯಾಸ ಬಿಟ್ಟರೆ ಪೂರ್ತಿ ಒಂದೇ ಆಗಿವೆ ಎಂದು ಅವರು ಕಂಡುಕೊಂಡಿದ್ದರು. ಒಂದೇ ವರ್ಷ ಪಾಸಾದ ಇಬ್ಬರೂ ನನ್ನ ಅತ್ಯಂತ ಶ್ರೇಷ್ಠ ವಿದ್ಯಾರ್ಥಿ ಆಗಿರುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಪತ್ರ ಬರೆದವರು ನಾನೋ, ಅಥವಾ ಅಭ್ಯರ್ಥಿಗಳೇ ನನ್ನ ಹೆಸರಿನಲ್ಲಿ ಸೃಷ್ಟಿಸಿಕೊಂಡಿದ್ದೋ? ಐದು ದಿನದೊಳಗೆ ನಾನು ವಿಡಿಯೋದಲ್ಲಿ ಬಂದು ಉತ್ತರಿಸಬೇಕು. ಬಾರದಿದ್ದರೆ ಎರಡೂ ಅರ್ಜಿ ರದ್ದು. ಪತ್ರ ನಕಲಿ ಎಂದಾದರೆ ಅಭ್ಯರ್ಥಿಗಳು ಇನ್ನು ಮುಂದೆ ಎಂದೂ ಅರ್ಜಿ ಹಾಕುವಂತಿಲ್ಲ.

“ಇದು ಬಂದು ಎಷ್ಟು ದಿನ ಆತು?”

“ನಾಕು ದಿನ. ನಾ ಮದುವಿಗೆ ಹೋಗಿದ್ನೆಲ್ರಿ, ಅಂಗಡಿ ಮುಚ್ಚಿತ್ತು. ನಾಳೆ ಮಧ್ಯಾಹ್ನ ಮೂರೂವರಿಗೆ ಕಡೀ ಟೈಮು.”

“ಯಾರಿವರಿಬ್ರು?”

“ಒಬ್ಬಾಕಿ ಮುಕ್ಕುಂದದಾಕಿ. ಇನ್ನೊಬ್ಬಾಂವ ನಿಮ್ಮ ಲಿಂಗಸುಗೂರಾಂವನ. ಸರ್, ಒಂದ್ ಮಾತು. ನನ್ನ ಹೆಸರು ಮಾತ್ರ ತರಬ್ಯಾಡ್ರಿ. ಅಂಗಡಿ ಲೈಸೆನ್ಸು ಹೋತಂದ್ರ ಮಕ್ಕಳು ಮರಿ ಬೀದಿಗೆ ಬರ್ತಾವ.”

ಮುಕ್ಕುಂದದ ಹುಡುಗಿಯ ನೆನಪಿತ್ತು. ಲಿಂಗಸುಗೂರಿನವನ ಮುಖ ಎಷ್ಟು ಕೆದಕಿದರೂ ಬರಲಿಲ್ಲ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದ ಸರಕಾರಿ ಅಧ್ಯಾಪಕ ದೇವರಿಗಿಂತ ಹೆಚ್ಚಾಗಿ ವಿಚಾರಣೆಗೆ ಅಂಜುತ್ತಾನೆ. ದೇವರು ಪಿಂಚಣಿ ತಡೆಹಿಡಿದದ್ದನ್ನು ಯಾರೂ ಕೇಳಿಲ್ಲ.

ಮುಂದಿನ ಬಸ್ಸು ಹಿಡಿದು ಕಾಲೇಜು ಮುಟ್ಟಿದವನು ನೇರ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಹಾಳೆಯನ್ನು ಎರಡು ಸಲ ಓದಿ, ಎದ್ದು ಬಾಗಿಲು ಹಾಕಿ ಬಂದರು.

“ಇದರಾಗ ದಾರಿ ಅವರ ತೋರಿಸ್ಯಾರಲ್ರಿ. ಪತ್ರ ನೀವು ಬರದಿಲ್ಲ ಅಂದುಬಿಡ್ರಿ.”

“ಹುಡುಗರ ಗತಿ?”

“ಹುಡುಗರು ಸಣ್ಣವರು, ಇನ್ನೊಂದು ದಾರಿ ಹಿಡೀತಾರ. ನಿಮ್ಮ ವಯಸ್ಸಿಗೆ ದಾರಿ ಎಲ್ಲಿ ಅದಾವ್ರಿ? ಕಾಲೇಜಿನ ಹೆಸರೂ ನೋಡ್ರಿ. ನಾಳೆ ನನ್ನ ಕೋಣ್ಯಾಗ ಕುಂತ ಮಾತಾಡ್ರಿ. ನಾ ಬಾಜೂಕ ಇರ್ತೀನಿ.”

ಅವರ ಮಾತು ನನಗೆ ಹಿತವಾಯಿತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಪ್ರಯೋಗಾಲಯಕ್ಕೆ ನಡೆದು ಹೋಗುವಷ್ಟು ಹೊತ್ತು ಆ ಉತ್ತರವನ್ನು ಬಾಯಲ್ಲಿ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಲೇ ಹೋದೆ.

ಮಧ್ಯಾಹ್ನ ಮುಕ್ಕುಂದದ ಹುಡುಗಿ ಬಂದಳು. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆ ಕಡೆ ಎಂ.ಎಸ್ಸಿ. ಮಾಡಿ, ಈಗ ಉಪ್ಪು ಹತ್ತಿದ ಮಣ್ಣಿನ ಬಗ್ಗೆ ಓದಲು ಹೊರಗೆ ಹೋಗಬೇಕೆಂದು ಅರ್ಜಿ ಹಾಕಿದವಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

“ಸರ್, ನನ್ನ ಅರ್ಜಿ ತಡೆಹಿಡಿದೀವಿ ಅಂತ ನನಗೂ ಮೇಲ್ ಬಂದೈತ್ರಿ. ಯಾಕ ಅಂತ ಹೇಳಿಲ್ಲ.”

ಯಾಕೆಂದು ಹೇಳಿದೆ. ಅವಳು ಫೈಲನ್ನು ಮೇಜಿನ ಮೇಲೆ ಇಟ್ಟಳು.

“ಆ ಪತ್ರ ನಾ ಅಂಗಡ್ಯಾಗ ಓದಿದ್ದೆ ಸರ್. ನನ್ನ ಬಗ್ಗೆ ಬರದೀರಿ ಅಂತ ಖುಷಿ ಪಟ್ಟಿದ್ದೆ.”

ಮಾತು ಬದಲಿಸಲು, ಬ್ಯಾಂಕಿನಿಂದ ಶಿಕ್ಷಣ ಸಾಲ ಸಿಗುವುದಿಲ್ಲವೇ ಎಂದು ಕೇಳಿದೆ.

“ಕೇಳೀನ್ರಿ. ಹೊರದೇಶ ಅಂದ್ರ ದೊಡ್ಡ ಸಾಲ, ಜಾಮೀನಿಗೆ ಹೊಲ ಬೇಕಂದ್ರು. ಎರಡೆಕ್ರಿ ಐತಿ, ಪೂರಾ ಸವುಳು. ನೋಡಾಕ ಬಂದ ಸಾಹೇಬ್ರು ಬೂಟಿನ ತುದೀಲೆ ಉಪ್ಪು ಕೆರದು, ಇದಕ್ಕ ಏನಂತ ರೇಟು ಬರೀಲಿ ಅಂದು ಹ್ವಾದ್ರು. ಸರಕಾರದ್ದು ವಿದೇಶ ವ್ಯಾಸಂಗದ ಪಟ್ಟಿ ಹ್ವಾದ ತಿಂಗಳ ಬಂತು, ನನ್ನ ಹೆಸರಿಲ್ಲ. ಅಲ್ಲಿ ವಿಶ್ವವಿದ್ಯಾಲಯದಾಗ ಸೀಟು ಐತಿ, ಹೋಗಾಕ ದಾರಿ ಇದೊಂದ ಉಳದೈತಿ.”

“ಹ್ಞೂಂ.”

“ಒಳಗ ಬರೂಮುಂದ ಪ್ರಿನ್ಸಿಪಾಲರು ಸಿಕ್ಕಿದ್ರು, ಅವರ ಮಾತಿನ ಅರ್ಥ ಈಗ ತಿಳೀತು. ಪತ್ರ ನಾನ ಬರಕೊಂಡೀನಿ ಅಂತ ಒಪ್ಪಿಕೋ, ಸರ್ ಪಿಂಚಣಿ ಉಳೀತೈತಿ ಅಂದ್ರು.”

“ನೀ ಏನಂದಿ?”

“ಒಪ್ಪಂಗಿಲ್ಲ ಅಂದೆ,” ಎಂದಳು. ದನಿ ನಡುಗುತ್ತಿತ್ತು. “ಜಲ್ಮಕ್ಕೆಲ್ಲ ಕಳ್ಳಿ ಅನ್ನಿಸಿಕೊಂಡು ಕುಂದ್ರಾಕ ಆಗಂಗಿಲ್ರಿ. ನೀವು ಹೆಂಗ ಹೇಳ್ತೀರೋ ಹೇಳ್ರಿ. ನಾ ಮಾತ್ರ ಒಪ್ಪಂಗಿಲ್ಲ.”

ಅವಳು ಹೋದ ಮೇಲೆ ಕಪಾಟಿನಿಂದ ಅವಳ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟು ವರದಿಯನ್ನು ಹುಡುಕಿ ತೆಗೆದೆ. ಕಾಲುವೆ ನೀರು ಹೆಚ್ಚಾಗಿ ಉಪ್ಪು ಮೇಲೆದ್ದ ಮುಕ್ಕುಂದ, ದಢೇಸುಗೂರು ಕಡೆಯ ಭತ್ತದ ಗದ್ದೆಗಳ ಮಣ್ಣಿನ ಪರೀಕ್ಷೆ ಅದು. ಕೊನೆಯ ಪುಟದಲ್ಲಿ ನನ್ನ ಸಹಿಯಿತ್ತು. ನಡುವಿನ ಪುಟಗಳನ್ನು ಅಂದು ಓದಿರಲಿಲ್ಲ, ಈಗ ಓದಿದೆ. ಕೋಷ್ಟಕದಲ್ಲಿ ಎರಡು ಸಾಲು ಅಂಕಿಗಳಿದ್ದವು: ಮೊದಲಿನ ಅಳತೆ, ತಿದ್ದಿದ ಅಳತೆ. ನೋಡಿದೊಡನೆ ನಾನು ಮರೆತೆನೆಂದುಕೊಂಡಿದ್ದೆಲ್ಲ ಎದ್ದು ಬಂತು.

ಮಣ್ಣನ್ನು ನೀರಿನಲ್ಲಿ ನೆನೆಸಿ ಬಸಿದ ದ್ರಾವಣದಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತದೆಂದು ಅಳೆದರೆ ಉಪ್ಪು ಎಷ್ಟಿದೆ ಎಂದು ತಿಳಿಯುತ್ತದೆ. ಆ ಅಳತೆಯ ಮೀಟರು ಸರಿಯಿದೆಯೇ ಎಂದು ನೋಡಲು ಪೊಟ್ಯಾಸಿಯಂ ಕ್ಲೋರೈಡಿನ ಒಂದು ನಿಗದಿತ ದ್ರಾವಣ ಇರುತ್ತದೆ. ಅದರಲ್ಲಿ ಅದ್ದಿದಾಗ 1.41 ತೋರಿಸಬೇಕು. ನಾವು ಹಾಗೆ ಅದ್ದಿ ನೋಡಿ ಎಷ್ಟೋ ವರ್ಷವಾಗಿತ್ತು. ಈ ಹುಡುಗಿ ಆ ಕ್ಲೋರೈಡಿನ ಪುಡಿಯನ್ನು ಒಲೆಯಲ್ಲಿ ಒಣಗಿಸಿ, ತೂಗಿ, ದ್ರಾವಣ ಹೊಸದಾಗಿ ಮಾಡಿ ಅದ್ದಿದಳು. ನಮ್ಮ ಮೀಟರು 1.06 ತೋರಿಸಿತು. ಅಂದರೆ ಭೂಮಿಯ ಉಪ್ಪನ್ನು ನಾವು ಕಾಲು ಭಾಗ ಕಡಿಮೆ ಮಾಡಿ ಹೇಳುತ್ತಿದ್ದೆವು. ಮಣ್ಣಿನ ಅಂಕಿ ನಾಲ್ಕು ದಾಟಿದರೆ ಸವುಳು ಭೂಮಿ ಎಂಬುದು ಲೆಕ್ಕ. ನಿಜದಲ್ಲಿ ನಾಲ್ಕು ದಾಟಿದ್ದ ಗದ್ದೆಗಳು ನಮ್ಮ ಮೀಟರಿನಲ್ಲಿ ಮೂರೂಕಾಲಿಗೇ ನಿಂತು ಆರೋಗ್ಯವಾಗಿದ್ದವು.

ಆ ದಿನ ಅವಳು ಬಂದು, “ಸರ್, ಮೀಟರ್ ಸುಳ್ಳು ಹೇಳಾಕತ್ತೈತಿ,” ಎಂದಿದ್ದಳು.

“ಮೀಟರಿಗೆ ಸುಳ್ಳು ಹೇಳೋ ಬುದ್ಧಿ ಎಲ್ಲೈತವಾ? ಬಂದದ್ದು ಬರದು ಸಬ್ಮಿಟ್ ಮಾಡು,” ಎಂದಿದ್ದೆ.

ಅವಳು ಮಾಡಲಿಲ್ಲ. ಮುಕ್ಕುಂದದಿಂದ ಬಸ್ಸಿನಲ್ಲಿ ಮಣ್ಣಿನ ಚೀಲ ಹೊತ್ತು ತಂದು ನಲವತ್ತೆರಡು ನಮೂನೆಗಳನ್ನು ಮತ್ತೆ ಅಳೆದಳು. ಮುಂದಿನ ವರ್ಷ ನಾನು ಗುಟ್ಟಾಗಿ ಮೀಟರು ಸರಿಮಾಡಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕಾದವರು ಇದ್ದರು: ವರ್ಷ ವರ್ಷ ದಢೇಸುಗೂರು ಕಡೆಯ ರೈತರು ಮಣ್ಣು ತಂದು ಕೊಡುತ್ತಿದ್ದರು, ‘ಭೂಮಿ ಉತ್ತಮವಾಗಿದೆ’ ಎಂಬ ಚೀಟಿಗೆ ನಾನು ಸಹಿ ಮಾಡಿ ಕಳಿಸುತ್ತಿದ್ದೆ.

ಹುಡುಗಿಯ ಬಗ್ಗೆ ನಾನು ಕಣ್ಣಾರೆ ಕಂಡ ಒಳ್ಳೆಯ ಸಂಗತಿ ಅದೊಂದೇ ಎಂದು ಹೊಳೆಯಿತು. ಅವಳನ್ನು ಹೊಗಳಬೇಕಾದರೆ ಮೊದಲು ನನ್ನ ಗುನ್ಹೆ ಓದಬೇಕು. ಬೇರೆ ಏನಾದರೂ ನೆನಪಾದೀತೆಂದು ಅಂದು ಸಂಜೆ ಬಸ್ಸಿನಲ್ಲಿ ಲಿಂಗಸುಗೂರು ಮುಟ್ಟುವವರೆಗೆ ಯೋಚಿಸಿದೆ. ಶ್ರದ್ಧಾವಂತೆ, ವಿನಯವಂತೆ, ಸಮಯಪಾಲಕಿ. ಎಲ್ಲವೂ ನನ್ನ ಪತ್ರದಲ್ಲಿ ಆಗಲೇ ಇದ್ದ ಮಾತುಗಳು.

ಮರುದಿನ ಮೂರು ಗಂಟೆಗೆ ಮಸ್ಕಿಯ ಅಂಗಡಿಯವನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಾಲೇಜಿಗೆ ಬಂದ. ಪಾಸ್‌ವರ್ಡ್ ಫೋನಿನಲ್ಲಿ ಹೇಳಲು ಅವನಿಗೆ ಹೆದರಿಕೆ, ಬಾರದಿರಲು ಇನ್ನೂ ಹೆದರಿಕೆ. ಲಿಂಕು ತೆರೆದುಕೊಟ್ಟು ವರಾಂಡಕ್ಕೆ ಹೋಗಿ ನಿಂತ. ಮೂರು ಇಪ್ಪತ್ತಕ್ಕೆ ಕರೆಂಟು ಹೋಯಿತು. ಇನ್ವರ್ಟರಿನ ಬಲದ ಮೇಲೆ ಇಂಟರ್ನೆಟ್ಟು ತಿರುಗಿ ಬರುವಾಗ ಮೂರೂವರೆ ದಾಟಿ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ನನ್ನ ಅಂಗಿಯ ಬೆನ್ನು ತೋಯ್ದಿತ್ತು. ಜನವರಿ ತಿಂಗಳು.

ಪರದೆಯ ಮೇಲೆ ಮೂವರು ಬಂದರು. ನಡುವೆ ಬಿಳಿಗೂದಲಿನ ಅಧ್ಯಕ್ಷೆ. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ನಮ್ಮ ಪ್ರಾಂಶುಪಾಲರು ಕುರ್ಚಿಯ ತುದಿಗೆ ಕೂತು, ‘ಇಲ್ಲ’ ಎನ್ನಲು ಬೇಕಾದ ಅಂಗೈಯನ್ನು ಆಗಲೇ ಎತ್ತಿ ಸಿದ್ಧವಾಗಿದ್ದರು.

ಅಧ್ಯಕ್ಷೆ ಸುತ್ತು ಬಳಸದೆ ಕೇಳಿದರು: ಈ ಪತ್ರಗಳನ್ನು ಬರೆದವರು ಯಾರು?

ಮೂಲೆಯಲ್ಲಿ ಪ್ರಾಂಶುಪಾಲರ ಅಂಗೈ ಅಲುಗಾಡಿತು. ದಾರಿಯುದ್ದಕ್ಕೂ ನಾನು ಎರಡೂ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಂಜುವವನು ಹಾಗೆಯೇ, ಎರಡೂ ದಡದಲ್ಲಿ ಚಪ್ಪಲಿ ಬಿಟ್ಟಿರುತ್ತಾನೆ. ಆದರೆ ‘ಅಭ್ಯರ್ಥಿಗಳು’ ಎಂಬ ಶಬ್ದ ನಾಲಿಗೆಗೆ ಬಂದಾಗ ನಿನ್ನೆ ಆ ಹುಡುಗಿ, ಇದೇ ಪ್ರಾಂಶುಪಾಲರ ಎದುರಿಗೆ ನಿಂತು, ನಡುಗುತ್ತಲೇ ಒಪ್ಪುವುದಿಲ್ಲ ಎಂದದ್ದು ಕಣ್ಣಿಗೆ ಕಟ್ಟಿತು.

“ಪತ್ರ ನನ್ನದು,” ಎಂದೆ. “ವಿದ್ಯಾರ್ಥಿಗಳದ್ದಲ್ಲ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಇದನ್ನೇ ಕೊಡುತ್ತಿದ್ದೇನೆ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ಈ ಪತ್ರದಿಂದ ಇಬ್ಬರ ಬಗ್ಗೆಯೂ ನಮಗೆ ಏನೂ ತಿಳಿಯುವುದಿಲ್ಲವಲ್ಲ, ಎಂದರು ಅಧ್ಯಕ್ಷೆ. ತಿಳಿಯುವುದಿಲ್ಲ, ಎಂದೆ. ಈ ಹುಡುಗಿ ಮಾಡಿದ್ದನ್ನು ನೀವೇ ಕಂಡದ್ದೇನಾದರೂ ಇದ್ದರೆ ಈಗ ಹೇಳಿ, ಎಂದರು.

ಮೇಜಿನ ಮೇಲೆ ವರದಿ ಇತ್ತು. ಅದನ್ನು ತೆರೆದು ಕೋಷ್ಟಕದ ಪುಟವನ್ನು ಕ್ಯಾಮೆರಾದ ಎದುರಿಗೆ ಹಿಡಿದೆ. ಮೀಟರಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಮೂವರಲ್ಲಿ ಒಬ್ಬರು ಮಣ್ಣಿನ ವಿಜ್ಞಾನಿ. ದ್ರಾವಣದ ಸಾಂದ್ರತೆ ಎಷ್ಟು, ಉಷ್ಣತೆ ಎಷ್ಟಿತ್ತು, ಮಣ್ಣು ನೀರಿನ ಪ್ರಮಾಣ ಏನು ಎಂದು ಬಿಡಿಸಿ ಬಿಡಿಸಿ ಕೇಳಿದರು. ಮೂವತ್ತು ವರ್ಷ ಮಕ್ಕಳ ಮೌಖಿಕ ಪರೀಕ್ಷೆ ತೆಗೆದುಕೊಂಡವನು ಅಂದು ಮೊದಲ ಸಲ ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಉತ್ತರಗಳೆಲ್ಲ ಅವಳ ವರದಿಯಲ್ಲಿದ್ದವು, ನಾನು ಓದಿ ಹೇಳಿದೆ.

ತಪ್ಪು ಅಂಕಿಯನ್ನೇ ಕೊಡು ಎಂದು ನೀವು ಅವಳಿಗೆ ಹೇಳಿದ್ದಿರಾ?

“ಹೌದು.”

ಆ ರೈತರಿಗೆ ಆಮೇಲೆ ತಿಳಿಸಿದಿರಾ?

“ಇಲ್ಲ.”

ಪ್ರಾಂಶುಪಾಲರು ಎದ್ದು ಹೊರಗೆ ನಡೆದರು.

ಆಮೇಲೆ ಲಿಂಗಸುಗೂರಿನವನ ಬಗ್ಗೆ ಕೇಳಿದರು. ಅವನ ಹೆಸರು ಹಾಜರಿ ಪುಸ್ತಕದಲ್ಲಿದೆ, ಮುಖ ನನಗೆ ನೆನಪಿಲ್ಲ, ಎಂದೆ. ಅಧ್ಯಕ್ಷೆ ಏನನ್ನೋ ಬರೆದುಕೊಂಡು ವಂದನೆ ಹೇಳಿದರು. ಪರದೆ ಕಪ್ಪಾಯಿತು. ಅದರಲ್ಲಿ ನನ್ನ ಮುಖ ಕಂಡಿತು. ಅದೂ ಅಷ್ಟೇನೂ ಪರಿಚಯದ್ದೆನಿಸಲಿಲ್ಲ.

ವಾರದೊಳಗೆ ಇಲಾಖೆಯಿಂದ ನನಗೆ ನೋಟಿಸು ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದು ಉತ್ತರಿಸಿದೆ. ಆ ಫೈಲು ಈಗ ಎಲ್ಲಿದೆಯೋ ತಿಳಿಯದು. ಅಂಚೆಯವನು ಕಾಲೇಜಿನ ಗೇಟು ದಾಟಿದರೆ ಇಂದಿಗೂ ಪಾಠ ನಿಲ್ಲಿಸಿ ಕಿಟಕಿಗೆ ಬರುತ್ತೇನೆ.

ಮಾರ್ಚಿನಲ್ಲಿ ಹುಡುಗಿ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು. ವಿದ್ಯಾರ್ಥಿವೇತನ ಸಿಕ್ಕಿತ್ತು. ಆನಂದವನ್ನು ಮುಖದ ಮೇಲೆ ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ ನಿಂತಿದ್ದಳು.

“ನೀವು ಹೇಳಿದ್ದನ್ನ ಅವರು ನನ್ನ ಕೂಡ ಮಾತಾಡೋವಾಗ ಮತ್ತ ಕೇಳಿದ್ರಿ ಸರ್. ಇಬ್ಬರ ಮಾತೂ ತಾಳೆ ಆತು.”

“ಛಲೋ ಆತವಾ.”

“ಆ ರೈತರಿಗೆ ಯಾವಾಗ ಹೇಳ್ತೀರಿ?”

ಅವಳಿಗೆ ಕೊಟ್ಟ ಪತ್ರದಲ್ಲಿ ‘ವಿನಯವಂತೆ’ ಎಂದು ಬರೆದಿದ್ದೆ.

ಹಳೆಯ ನಮೂನೆಗಳ ರಿಜಿಸ್ಟರು ಬಗಲಿಗೆ ಇಟ್ಟುಕೊಂಡು ಮುಂದಿನ ಭಾನುವಾರ ದಢೇಸುಗೂರಿಗೆ ಹೋದೆ. ಬಡಿಗೆ ತೆಗೆದುಕೊಂಡು ಅಟ್ಟಿಸಿಕೊಂಡು ಬಂದಾರೆಂದೇ ಕಾಲುವೆಯ ದಂಡೆಯ ಮೇಲೆ, ಓಡಲು ಅನುಕೂಲವಾದ ಕಡೆ ನಿಂತು ಮಾತಾಡಿದೆ. ರಿಜಿಸ್ಟರಿನ ಮೊದಲ ಹೆಸರಿನ ಹಿರಿಯರು ಪೂರ್ತಿ ಕೇಳಿಸಿಕೊಂಡು ಬೀಡಿ ಆರಿಸಿದರು.

“ನಿಮ್ಮ ಚೀಟಿ ಯಾರು ನಂಬಿದ್ರು ಮಾಸ್ತರ? ನಾಲಿಗಿಗೆ ಹಚ್ಚಿ ನೋಡಿದ್ವಿ, ಉಪ್ಪಿತ್ತು. ಪಾಪ, ಓದಿದವರು ಸಹಿ ಮಾಡ್ಯಾರ ಅಂತ ಚೀಟಿ ದೇವರ ಜಗಲಿ ಮ್ಯಾಲ ಇಟ್ಟೀವಿ.”

ಎಲ್ಲರೂ ಅವರಷ್ಟು ಜಾಣರಾಗಿರಲಿಲ್ಲ. ಚೀಟಿ ನಂಬಿ ಎರಡು ಬೆಳೆ ಸುಟ್ಟುಕೊಂಡವರೂ ಇದ್ದರು. ಅವರ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ; ಯಾವುದೂ ಅತಿಶಯೋಕ್ತಿಯಾಗಿರಲಿಲ್ಲ.

ಲಿಂಗಸುಗೂರಿನವನು ಬಂದದ್ದು ಮೇ ತಿಂಗಳಲ್ಲಿ. ಅವನ ಅರ್ಜಿ ಬಿದ್ದುಹೋಗಿತ್ತು. ಮುಂದಿನ ವರ್ಷ ಮತ್ತೆ ಹಾಕಬಹುದು ಎಂದು ತಿಳಿಸಿದ್ದರು. ಬಾಗಿಲಲ್ಲೇ ನಿಂತು ಹೇಳಿದ:

“ಮೂರು ವರ್ಷ ಎರಡನೇ ಬೆಂಚಿನ್ಯಾಗ ನಿಮ್ಮ ಎದುರಿಗೇ ಕುಂತಿದ್ನೆಲ್ರಿ ಸರ್. ಮುಖ ನೆನಪಿಲ್ಲ ಅಂತ ಅವರಿಗೆ ಹೇಳಿದ್ರಂತ.”

“ಖರೇನ ನೆನಪಾಗಲಿಲ್ಲಪ್ಪ. ಮೂರು ವರ್ಷ ಏನು ಮಾಡಿದಿ ಹೇಳು, ನೆನಪಾಗತೈತೇನೋ ನೋಡೂಣು.”

“ನೀವು ಹೇಳಿದ್ದೆಲ್ಲ ಬರಕೊಂಡ್ನಿ ಸರ್. ಒಂದು ದಿನಾನೂ ತಪ್ಪಿಸಲಿಲ್ಲ.”

ಅವನಿಗೆ ಕೂರಲು ಹೇಳಿ ರಿಜಿಸ್ಟರು ಕೈಗೆ ಕೊಟ್ಟೆ. ಅಂದಿನಿಂದ ಇಬ್ಬರೂ ಆ ಪಟ್ಟಿಯ ಹೊಲಗಳಿಗೆ ತಿರುಗಾಡಿ ಮಣ್ಣು ತೆಗೆದೆವು, ಬಸಿದೆವು, ಅಳೆದೆವು, ಹೊಸ ಚೀಟಿ ಕೊಟ್ಟೆವು. ಮೊದಮೊದಲು ಪ್ರತಿ ಅಂಕಿಯನ್ನೂ ಅವನು ನನ್ನ ಮುಖ ನೋಡಿ ಬರೆಯುತ್ತಿದ್ದ. ಆಗಸ್ಟಿನಲ್ಲಿ ಒಂದು ದಿನ, “ಇದು ತಪ್ಪೈತ್ರಿ, ನೀವು ಬಾಟ್ಲಿ ತೊಳೀಲಾರದ ತುಂಬಿಸೀರಿ,” ಎಂದ. ದಿನಾಂಕ ಬರೆದಿಟ್ಟುಕೊಂಡೆ.

ಡಿಸೆಂಬರಿನಲ್ಲಿ ಅವನ ಹೊಸ ಅರ್ಜಿಯ ಲಿಂಕು ಬಂತು. ಈಗ ಪಾಸ್‌ವರ್ಡ್ ನನಗೇ ಗೊತ್ತು. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ತೆರೆದೆ. ಮೊದಲ ಪ್ರಶ್ನೆ: ಈ ಅಭ್ಯರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ? ‘ಏಳು ತಿಂಗಳು’ ಎಂದು ಒತ್ತಿದೆ.

ಹಿಂದೆ ನಿಂತಿದ್ದವನು ತಡೆದುಕೊಳ್ಳಲಾರದೆ, “ಸರ್, ಮೂರು ವರ್ಷ ಪಾಠ ಹೇಳೀರಿ, ಅದನ್ನೂ ಕೂಡಿಸ್ರಿ. ಏಳು ತಿಂಗಳಂದ್ರ ಕಡಿಮಿ ಕಾಣ್ತೈತಿ,” ಎಂದ.

“ಆ ಮೂರು ವರ್ಷ ನೀ ನನ್ನ ನೋಡಿದ್ದು. ನಾ ನಿನ್ನ ನೋಡಿದ್ದು ಏಳ ತಿಂಗಳ. ಇನ್ನ ಹೊರಗ ನಡಿ, ಕೆಳಗಿಂದು ನೀ ನೋಡೂ ಹಂಗಿಲ್ಲ.”

ಅವನು ಬಾಗಿಲ ತನಕ ಹೋಗಿ ತಿರುಗಿದ.

“ಛಲೋ ಬರೀತೀರಲ್ರಿ ಸರ್?”

“ಕಂಡಷ್ಟು ಬರೀತೀನಿ.”

ಅವನ ಮುಖ ಬಿಳಿಚಿತು. ಅವನು ಹೊರಗೆ ಹೋದ ಮೇಲೆ ಎದ್ದು ಬಾಗಿಲು ಹಾಕಿಕೊಂಡು ಬಂದು, ಆಗಸ್ಟಿನ ಆ ದಿನಾಂಕ ಎದುರಿಗಿಟ್ಟುಕೊಂಡು, ಅವನಲ್ಲಿ ನೀವೇ ಕಂಡದ್ದೇನು ಎಂಬ ಎರಡನೆಯ ಪ್ರಶ್ನೆಗೆ ಕುಳಿತೆ.